ಹಣ್ಣು ಬಿಡದ ಮರ

ಮಗಳು ಹೈಸ್ಕೂಲಿನಲ್ಲಿದ್ದಾಗ ಕೊಪ್ಪದಲ್ಲಿ ಒಂದು ಚರ್ಚಾಸ್ಪರ್ಧೆ ನಡೆಯಿತು. ಮನುಷ್ಯನ ಚಟುವಟಿಕೆಯಿಂದ ಭೂಮಿಯ ಪರಿಸರ ಹಾಳಾಗುತ್ತಿದೆಯೇ ಎಂಬುದು ವಿಷಯ. ಅವಳು ಹಾಳಾಗುತ್ತಿದೆ ಎನ್ನುವ ಕಡೆ. ಶೃಂಗೇರಿಯಿಂದ ಬೆಳಗಿನ ಬಸ್ಸಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಉಟ್ಟಿದ್ದು ಟ್ರಂಕಿನಲ್ಲಿಟ್ಟ ಒಳ್ಳೆಯ ಸೀರೆಯೇ ಆದರೂ ಅದಕ್ಕೂ ಹೊಗೆಯ ವಾಸನೆ ಹಿಡಿದಿತ್ತು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮೊದಲು ಮೂಗು ಮುಚ್ಚಿಕೊಂಡಳು, ಆಮೇಲೆ ಎದ್ದು ಬೇರೆ ಸೀಟಿಗೆ ಹೋದಳು.

ಮಗಳು ದೆಹಲಿಯ ವಾಹನಗಳ ಬಗ್ಗೆ ಹೇಳಿದಳು, ದೊಡ್ಡ ದೊಡ್ಡ ಕಾರ್ಖಾನೆಗಳ ಬಗ್ಗೆ ಹೇಳಿದಳು, ಓಜೋನ್ ಪದರದಲ್ಲಿ ಬಿದ್ದ ತೂತಿನ ಬಗ್ಗೆ, ಉತ್ತರ ಧ್ರುವದಲ್ಲಿ ಕರಗುತ್ತಿರುವ ಹಿಮದ ಬಗ್ಗೆ ಹೇಳಿದಳು. ಎದುರು ಪಕ್ಷದ ಹುಡುಗಿ, ಭೂಮಿ ದೊಡ್ಡದು, ಮನುಷ್ಯ ಸಣ್ಣವನು, ಪ್ರಕೃತಿ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ ಎಂದಳು. ನನ್ನ ಮಗಳಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು ಇಷ್ಟು ಚಿಕ್ಕ ವಯಸ್ಸಿಗೇ ಎಂಥ ಕಾಳಜಿ ಎಂದು ಹೊಗಳಿದರು, ನಾನು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಆ ಭಾಷಣದಲ್ಲಿ ದೆಹಲಿ ಇತ್ತು, ಧ್ರುವ ಇತ್ತು, ನಮ್ಮೂರು ಇರಲಿಲ್ಲ. ನಮ್ಮ ಮನೆ ಅಂತೂ ಇರಲೇ ಇಲ್ಲ. ಅವಳದೇನೂ ತಪ್ಪಿಲ್ಲ, ಭಾಷಣ ಬರೆದುಕೊಟ್ಟವಳು ನಾನು.

ನನ್ನ ತವರು ನರಸಿಂಹರಾಜಪುರದ ಕಡೆ. ಅಪ್ಪನ ಅಪ್ಪನ ಕಾಲದ ಗದ್ದೆ ಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಮರಗಳ ಕಪ್ಪು ಬೊಡ್ಡೆಗಳು ಸಾಲುಸಾಲಾಗಿ ಕಾಣುತ್ತಿದ್ದವು. ಅಪ್ಪ ಅದನ್ನು ತೋರಿಸಿ, ಕಾಡು ಹಾಳು ಮಾಡಿದವರು ನಾವಲ್ಲ, ಸರ್ಕಾರ ಎನ್ನುತ್ತಿದ್ದರು. ಆ ಮಾತು ಸುಳ್ಳಲ್ಲ. ಆದರೆ ಅದನ್ನೇ ಕೇಳಿ ಬೆಳೆದ ನನಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು. ಎಲ್ಲಿ ಏನು ಕೆಟ್ಟರೂ ಬೈಯಲು ಬೇರೆ ಯಾರಾದರೂ ಇದ್ದೇ ಇರುತ್ತಾರೆ ಎಂದು ನಂಬಿಕೊಂಡಿದ್ದೆ.

ಮದುವೆಯಾಗಿ ಬಂದದ್ದು ಸಿರಿಮನೆ ಕಡೆಯ ಒಂದು ಹಳ್ಳಿಗೆ. ಮನೆಯ ಹಿಂದೆ ಗುಡ್ಡ, ಗುಡ್ಡದ ಮೇಲೆ ಕಾನು, ದಟ್ಟ ಕಾಡು. ಕಾಗದದಲ್ಲಿ ಅದು ಸರ್ಕಾರದ್ದು, ನಮ್ಮ ಬಾಯಲ್ಲಿ ನಮ್ಮದು. ಆ ಕಾನಿನಲ್ಲಿ ಉಪ್ಪಾಗೆ ಮರಗಳಿದ್ದವು. ಉಪ್ಪಾಗೆ ಎಂದರೆ ಪುಟ್ಟ ಕುಂಬಳಕಾಯಿಯ ಹಾಗೆ ಹೋಳುಹೋಳಾಗಿ ಕಾಣುವ ಹಳದಿ ಹಣ್ಣು. ಮಳೆಗಾಲದಲ್ಲಿ ಹಣ್ಣಾಗಿ ಬೀಳುತ್ತದೆ. ಸಿಪ್ಪೆಯನ್ನು ಒಣಗಿಸಿ ಇಟ್ಟರೆ ವರ್ಷವಿಡೀ ಸಾರಿಗೆ ಹುಳಿ, ಬೀಜದಿಂದ ತೆಗೆದ ತುಪ್ಪ ಒಡೆದ ಹಿಮ್ಮಡಿಗೆ ಮದ್ದು.

ಅತ್ತೆ ಮಳೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ಒಂದು ಬುಟ್ಟಿ ಹಿಡಿದು ಕಾನಿಗೆ ಹೋಗುತ್ತಿದ್ದರು. ಬಿದ್ದ ಹಣ್ಣನ್ನು ಮಾತ್ರ ಆರಿಸುತ್ತಿದ್ದರು. ಮರದ ಮೇಲಿನದಕ್ಕೆ ಕೈ ಹಾಕುವಂತಿರಲಿಲ್ಲ, ಅದು ಮಂಗನದ್ದು, ಮಂಗಟ್ಟೆ ಹಕ್ಕಿಯದ್ದು. ಹೊಸ ಸೊಸೆ ನಾನು ಒಮ್ಮೆ ಕಾಯಿ ಕೀಳುವ ದೋಟಿ ತೆಗೆದುಕೊಂಡು ಹೋಗಿದ್ದಕ್ಕೆ ಅತ್ತೆ ಅದನ್ನು ಕೈಯಿಂದ ಕಿತ್ತು ದನದ ಹಟ್ಟಿಯ ಮಾಡಿಗೆ ಸಿಕ್ಕಿಸಿದರು. ಮರ ಕೊಟ್ಟಾಗ ತಗೊಂಡರೆ ಸಾಕು ಎಂದಿದ್ದರು. ಸುತ್ತಲಿನ ಮನೆಗಳಲ್ಲೆಲ್ಲ ಅದೇ ಪದ್ಧತಿ. ಇದನ್ನು ನೆನೆದು ಹಳೆಯ ಕಾಲದವರೆಲ್ಲ ದೇವರಂಥವರು ಎಂದು ಹೇಳಲು ಹೊರಟಿಲ್ಲ. ಆಗ ಉಪ್ಪಾಗೆಯನ್ನು ಕೊಳ್ಳುವವರಿರಲಿಲ್ಲ, ಅಷ್ಟೆ.

ಆಮೇಲೆ ಕೊಳ್ಳುವವರು ಬಂದರು. ಹೊರದೇಶದವರಿಗೆ ಮೈ ಬೊಜ್ಜು ಕರಗಿಸುವ ಗುಳಿಗೆ ಮಾಡಲು ನಮ್ಮ ಉಪ್ಪಾಗೆ ಸಿಪ್ಪೆ ಬೇಕಂತೆ ಎಂಬ ಸುದ್ದಿ ಮೊದಲು ಶೃಂಗೇರಿ ಪೇಟೆಯಿಂದ ಬಂತು. ನಾವು ನಂಬಲಿಲ್ಲ. ಉಂಡು ಉಂಡು ಕೊಬ್ಬಿದವರು ಊಟ ಬಿಡುವುದು ಬಿಟ್ಟು ನಮ್ಮ ಹುಳಿ ನುಂಗುತ್ತಾರಂತೆ ಎಂದು ನಕ್ಕೆವು. ಆದರೆ ಕಾನಿನ ಉಪ್ಪಾಗೆಯನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರನ ಕಡೆಯವನೊಬ್ಬ ಬಂದು ಬಸ್‌ಸ್ಟಾಪಿನ ಹತ್ತಿರ ತಕ್ಕಡಿ ಕಟ್ಟಿ ಕೂತ ಮೇಲೆ ನಗು ನಿಂತಿತು. ಅವನು ಕೊಡುತ್ತಿದ್ದ ರೇಟು ಅಂಥದ್ದು. ಅಡಿಕೆಯ ಬೆಲೆ ಬಿದ್ದಿದ್ದ ವರ್ಷ ಅದು. ಮನೆಗೆ ಹೆಂಚು ಬದಲಾಯಿಸಬೇಕಿತ್ತು, ಮಗಳ ಶಾಲೆ ಇತ್ತು. ಇಷ್ಟೆಲ್ಲ ಹೇಳುವುದು ನೆಪಕ್ಕಲ್ಲ ಎಂದುಕೊಳ್ಳುತ್ತೇನೆ. ಅಲ್ಲ, ನೆಪಕ್ಕೇ ಇರಬೇಕು.

ಮೊದಲ ವರ್ಷ ಎಲ್ಲರೂ ಬಿದ್ದದ್ದನ್ನೇ ಆರಿಸಿದೆವು, ಸ್ವಲ್ಪ ಬೇಗ ಎದ್ದು ಹೋದೆವು ಅಷ್ಟೆ. ಎರಡನೆಯ ವರ್ಷ ನಾವು ಹೋಗುವಷ್ಟರಲ್ಲಿ ಮರದ ಬುಡ ಖಾಲಿ. ಕೆಳಗಿನ ಮನೆಯವರು ಇನ್ನೂ ಬೇಗ ಎದ್ದಿದ್ದರು. ಹಟ್ಟಿಯ ಮಾಡಿನಿಂದ ದೋಟಿ ಕೆಳಗಿಳಿಯಿತು. ಅದರ ಮರುವರ್ಷ ಹಣ್ಣಾಗುವವರೆಗೆ ಯಾರೂ ಕಾಯಲಿಲ್ಲ. ಹಳದಿ ತಿರುಗುವುದಕ್ಕೆ ಬಿಟ್ಟರೆ ಬೇರೆಯವರ ಪಾಲು ಎಂದು ಹಸಿರು ಕಾಯಿಯನ್ನೇ ಕೊಯ್ದೆವು. ಮರ ಹತ್ತುವ ತಾಳ್ಮೆಯೂ ಹೋಯಿತು, ಕೊಂಬೆಗಳನ್ನೇ ಕಡಿದು ಕೆಳಗೆ ಕೆಡವಿ ಕೂತಲ್ಲೇ ಕಾಯಿ ಬಿಡಿಸಿಕೊಂಡೆವು. ನಮ್ಮ ಮನೆಯವರು ಹಳ್ಳದ ದಂಡೆಯ ಒಂದು ಮರವನ್ನು ಎದೆಯೆತ್ತರಕ್ಕೆ ಕಡಿದು ಉರುಳಿಸಿದರು. ಎಲ್ಲರಿಗೂ ಒಂದೇ ಮಾತು ಬಾಯಿಪಾಠವಾಗಿತ್ತು, ನಾವು ಬಿಟ್ಟರೆ ಅವರು ಬಿಡುತ್ತಾರಾ ಎಂದು. ಕೆಳಗಿನ ಮನೆಯವರೂ ನಮ್ಮನ್ನು ತೋರಿಸಿ ಅದನ್ನೇ ಹೇಳುತ್ತಿದ್ದರಂತೆ.

ಸಿಪ್ಪೆ ಒಣಗಬೇಕು, ಹೊರಗೆ ಬಿಸಿಲಿಲ್ಲ. ಹಟ್ಟಿಯ ಪಕ್ಕ ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟ ಕಟ್ಟಿ, ಅದರ ಮೇಲೆ ಸಿಪ್ಪೆ ಹರವಿ, ಅಡಿಯಲ್ಲಿ ಹಗಲೂ ರಾತ್ರಿ ಬೆಂಕಿ ಹಾಕುತ್ತಿದ್ದೆವು. ಒಂದು ಚೀಲ ಸಿಪ್ಪೆ ಒಣಗಿಸಲು ಬೇಕಾದ ಸೌದೆಯಲ್ಲಿ ಮದುವೆಮನೆಯ ಅಡುಗೆ ಮಾಡಬಹುದಿತ್ತು. ಊರಿನಲ್ಲಿ ಪ್ರತಿ ಮನೆಗೂ ಒಂದು ಅಟ್ಟ. ಮೇಲಿನಿಂದ ನೋಡಿದರೆ ಕಣಿವೆಯ ತುಂಬ ಹೊಗೆ. ಮಗಳು ಅದರಲ್ಲೇ ಕೆಮ್ಮುತ್ತ ಕೂತು ನಾನು ಬರೆದ ಭಾಷಣವನ್ನು ಬಾಯಿಪಾಠ ಮಾಡಿದ್ದು.

ಸೌದೆ ಎಲ್ಲಿಂದ ತರುವುದು? ಕಾನಿನಲ್ಲಿ ಕಾಯಿ ಬಿಡದ ಉಪ್ಪಾಗೆ ಮರಗಳೂ ಇದ್ದವು. ಹೂ ಬಿಡುತ್ತಿದ್ದವು, ಗೊಂಚಲು ಗೊಂಚಲಾಗಿ ಬಿಡುತ್ತಿದ್ದವು, ಒಂದೂ ಕಾಯಾಗುತ್ತಿರಲಿಲ್ಲ. ನಮ್ಮ ಕಣ್ಣಿಗೆ ಅವು ಉಂಡಾಡಿಗಳು, ಜಾಗ ತಿಂದು ನಿಂತ ದಂಡಪಿಂಡಗಳು. ಆ ಮರಗಳನ್ನೇ ಸೌದೆ ಮಾಡಿದರೆ ಹೇಗೆ ಎಂಬ ಮಾತು ನಮ್ಮ ಅಡುಗೆಮನೆಯಲ್ಲೇ ಹುಟ್ಟಿತು. ಅದನ್ನು ಮೊದಲು ಆಡಿದವರು ನಮ್ಮ ಮನೆಯವರೋ ನಾನೋ ಎಂದು ಈಗ ಖಚಿತವಾಗಿ ಹೇಳಲಾರೆ. ನಾನೇ ಎಂದು ಬರೆದರೂ ತಪ್ಪಾಗದು.

ಒಲೆಯ ಮುಂದೆ ಕೂತಿದ್ದ ಅತ್ತೆ ತಲೆ ಎತ್ತಿದರು.

"ಅವು ಗಂಡು ಮರ ಕಣಾ. ಅದನ್ನ ತೆಗೆದ್ರೆ ಉಳಿದಿದ್ದಕ್ಕೆ ಕಾಯಿ ಎಲ್ಲಿಂದ ಕಚ್ಚುತ್ತೆ?"

"ಮರಕ್ಕೂ ಮದುವೆ ಮಾಡ್ಸಕ್ಕೆ ಹೊರಟ್ಯಲ್ಲ ಅಮ್ಮ ನೀನು," ಎಂದರು ನಮ್ಮ ಮನೆಯವರು.

ನಾನು ನಕ್ಕೆ. ಪಿಯುಸಿವರೆಗೆ ವಿಜ್ಞಾನ ಓದಿದವಳು, ಹೂವಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಹತ್ತಕ್ಕೆ ಹತ್ತು ತೆಗೆದವಳು, ಬಾಯಿ ಬಿಟ್ಟು ನಕ್ಕೆ. ಅತ್ತೆ ಕೆಂಡ ಮುಂದಕ್ಕೆ ಎಳೆದುಕೊಂಡು ರೊಟ್ಟಿ ಸುಟ್ಟರು.

ಹಸಿ ಮರ ಕಡಿದರೆ ಅರಣ್ಯದವರು ಕೇಳುತ್ತಾರೆ, ಒಣಮರಕ್ಕೆ ಯಾರೂ ಕೇಳುವುದಿಲ್ಲ. ಅದಕ್ಕೊಂದು ಉಪಾಯ ಊರಿಗೆಲ್ಲ ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ ಮರದ ಬುಡದ ಸಿಪ್ಪೆಯನ್ನು ಸುತ್ತಲೂ ಒಂದು ಗೇಣಗಲ ಕೆತ್ತಿ ಬಿಟ್ಟರೆ ಬೇಸಿಗೆ ಮುಗಿಯುವುದರೊಳಗೆ ಮರ ನಿಂತಲ್ಲೇ ಒಣಗುತ್ತದೆ. ಆಮೇಲೆ ರಾಜಾರೋಷವಾಗಿ ಕಡಿದು ತರಬಹುದು. ಉದುರಿದ ಎಲೆಯ ದರಗು ಗುಡಿಸಲು ಹೋಗುವ ಹೆಂಗಸಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲವಲ್ಲ, ಹಾಗಾಗಿ ಆ ಕೆಲಸ ನನ್ನದಾಯಿತು. ಬುಟ್ಟಿಯಲ್ಲಿ ಕತ್ತಿ ಇಟ್ಟುಕೊಂಡು ಹೋಗುತ್ತಿದ್ದೆ. ಸಿಪ್ಪೆ ಕೆತ್ತಿದಲ್ಲಿ ಹಳದಿ ಅಂಟು ಒಸರಿ ಕೈಗೆ ಮೆತ್ತಿಕೊಳ್ಳುತ್ತಿತ್ತು, ಸೀಗೆ ಹಾಕಿ ತಿಕ್ಕಿದರೂ ಎರಡು ದಿನ ಹೋಗುತ್ತಿರಲಿಲ್ಲ. ಎರಡು ವರ್ಷದಲ್ಲಿ ಹನ್ನೆರಡೋ ಹದಿಮೂರೋ ಮರ ಕೆತ್ತಿದೆ. ನಮ್ಮ ಮೇಲಿನ ಕಾನಿನಲ್ಲಿ ಅಂಥ ಮರ ಮತ್ತೆ ಉಳಿಯಲಿಲ್ಲ. ಆ ಎರಡು ಮಳೆಗಾಲ ನಮ್ಮ ಅಟ್ಟದ ಬೆಂಕಿ ಬಹಳ ಚೆನ್ನಾಗಿ ಉರಿಯಿತು.

ಮರ ಕೆತ್ತಲು ಶುರುಮಾಡಿದ ಮೂರನೆಯ ವರ್ಷ ಕಾಯಿ ಕಚ್ಚಲಿಲ್ಲ. ಅಲ್ಲೊಂದು ಇಲ್ಲೊಂದು ಇದ್ದದ್ದನ್ನು ಯಾರೋ ಕೊಯ್ದಿದ್ದರು. ಅದರ ಮುಂದಿನ ವರ್ಷ ಅದೂ ಇಲ್ಲ. ಊರಿನವರು ಕಾರಣ ಹುಡುಕಿದರು. ಹೂವಿನ ಹೊತ್ತಿಗೆ ಮಂಜು ಬಿತ್ತು ಎಂದರು, ಅಕಾಲದಲ್ಲಿ ಗುಡುಗಿತು ಎಂದರು, ಕೊಪ್ಪದ ಕಡೆ ಹೊಸದಾಗಿ ಎದ್ದ ಮೊಬೈಲ್ ಟವರಿನಿಂದ ಜೇನು ಓಡಿಹೋಗಿವೆ ಎಂದರು. ಗಿಡಗಳ ಬಗ್ಗೆ ಓದುತ್ತಿದ್ದ ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕಾನು ಸುತ್ತಲು ಬಂದವಳು ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತ, ಈ ಜಾತಿಯಲ್ಲಿ ಗಂಡು ಮರ ಬೇರೆ ಇರುತ್ತವೆ ಆಂಟಿ, ಇಲ್ಲಿ ಒಂದೂ ಕಾಣಲಿಲ್ಲವಲ್ಲ, ಆಶ್ಚರ್ಯ ಎಂದಳು. ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಹೇಳಿರಲಿಲ್ಲವಾ ಎಂದು ಕೇಳಬಹುದಿತ್ತು. ಕೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೊಂಬೆ ಕಡಿದದ್ದು, ಹಸಿರು ಕಾಯಿ ಕೊಯ್ದದ್ದು ಎಲ್ಲ ಸೇರಿ ಹೀಗಾಯಿತು, ಗಂಡು ಮರ ಒಂದೇ ಕಾರಣವಲ್ಲ ಎಂದು ನಾನು ಆಮೇಲೆ ಬಹಳ ದಿನ ನನಗೇ ಹೇಳಿಕೊಂಡೆ. ಅವನ್ನು ಮಾಡಿದ್ದೂ ನಾವೇ ಎಂಬುದು ನೆನಪಾದಾಗ ಆ ಸಮಾಧಾನವೂ ಹೋಯಿತು.

ತಕ್ಕಡಿಯವನು ಬರುವುದನ್ನು ನಿಲ್ಲಿಸಿದ. ಬೇರೆ ಊರಿನ ಕಾನು ಹುಡುಕಿಕೊಂಡು ಹೋದನಂತೆ.

ಅತ್ತೆಗೆ ಆಗಿನಿಂದ ಒಂದೇ ಹಂಬಲ ಹತ್ತಿತು. ಉಪ್ಪಾಗೆಯ ಬಲಿತ ಬೀಜ ಬೇಕು, ಬಿತ್ತಬೇಕು. ಅಟ್ಟದ ಹಿಂದೆ ನಾವು ವರ್ಷಗಟ್ಟಲೆ ಸುರಿದ ಬೀಜದ ರಾಶಿಯನ್ನು ಕೋಲಿನಿಂದ ಕೆದಕಿ ನೋಡಿದರು. ಎಲ್ಲ ಹಸಿರು ಕಾಯಿಯ ಬೀಜ, ಕೊಳೆತು ಮಣ್ಣಾಗಿದ್ದವು, ಒಂದೂ ಮೊಳೆತಿರಲಿಲ್ಲ. ನೆಂಟರಿಷ್ಟರನ್ನೆಲ್ಲ ಕೇಳಿದರು, ಎಲ್ಲರ ಕಾನಿನದೂ ಅದೇ ಕಥೆ. ನರ್ಸರಿಗೆ ಹೋಗಿ ಕೇಳಲು ಮಗನನ್ನು ಕಳಿಸಿದರು. ನಮ್ಮ ಮನೆಯವರು ಅಕೇಶಿಯಾ ಸಸಿ ತಂದರು, ಅಲ್ಲಿ ಇದ್ದದ್ದು ಅದೇ. ಅತ್ತೆ ಅದನ್ನು ಮುಟ್ಟಲಿಲ್ಲ. ಒಂದು ಹಣ್ಣು ಸಿಕ್ಕಿದರೂ ಸಾಕಿತ್ತು, ಮರದಲ್ಲೇ ಹಣ್ಣಾಗಿ ತಾನಾಗಿ ಬಿದ್ದದ್ದು ಒಂದು ಎಂದು ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದರು. ಈಗ ಬಿತ್ತಿದರೆ ಅದು ಕಾಯಿ ಬಿಡುವಾಗ ನೀನಿರುತ್ತೀಯಾ ಎಂದು ನಮ್ಮ ಮನೆಯವರು ತಮಾಷೆ ಮಾಡಿದರು. ನಾನಿರಲ್ಲ, ಮರ ಇರುತ್ತಲ್ಲ ಎಂದರು ಅತ್ತೆ.

ಅಷ್ಟರಲ್ಲಿ ಊರಿಗೆ ವೆನಿಲಾ ಬಂದಿತ್ತು. ಉಪ್ಪಾಗೆ ಹೋದರೆ ವೆನಿಲಾ. ನಮಗೆ ಹುಚ್ಚು ಹಿಡಿಯಲು ಏನಾದರೊಂದು ಬೇಕಿತ್ತು. ಅದರ ಹೂವನ್ನು ನಮ್ಮ ಕಡೆಯ ಯಾವ ಹುಳವೂ ಮುಟ್ಟುವುದಿಲ್ಲ, ಮನುಷ್ಯರೇ ಕಾಯಿ ಕಚ್ಚಿಸಬೇಕು. ಬೆಳಿಗ್ಗೆ ಎದ್ದು ಬಿದಿರಿನ ಸಣ್ಣ ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ಹೋಗಿ, ಒಳಗಿನ ಪದರ ಎತ್ತಿ ಪರಾಗವನ್ನು ಒತ್ತುವುದು ನಮ್ಮ ಕೆಲಸವಾಯಿತು. ಅತ್ತೆ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಇದಕ್ಕೆ ನೀವೇ ಕೂತು ಗಂಡು ಹೆಣ್ಣು ಕೂಡಿಸ್ತೀರಿ," ಎಂದರು. "ನಾನು ಹೇಳಿದ್ರೆ ಮಾತ್ರ ನಗಾಡ್ತೀರಿ."

ಇದಾಗಿ ಮೂರ್ನಾಲ್ಕು ದಿನಕ್ಕೆ ಅತ್ತೆ ಬೆಳಿಗ್ಗೆಯೇ ಕಾಣೆಯಾದರು. ಕಿಗ್ಗದ ದಾರಿಯಲ್ಲಿ ಚೌಡಿ ದೈವದ ಒಂದು ಬನವಿದೆ, ಹೆದರಿಕೆಯಿಂದ ಯಾರೂ ಅಲ್ಲಿ ಒಂದು ಕಡ್ಡಿ ಮುರಿಯುವುದಿಲ್ಲ. ಅಲ್ಲೊಂದು ಗಂಡು ಉಪ್ಪಾಗೆ ಉಳಿದಿತ್ತು. ಚೌಡಿಗೆ ಕಾಯಿ ಒಡೆದು, ತಪ್ಪು ಒಪ್ಪಿಸಿಕೊಂಡು, ಹೂವಿರುವ ಒಂದು ಟಿಸಿಲು ಮುರಿದು ಸೆರಗಿನಲ್ಲಿ ಮುಚ್ಚಿ ತಂದಿದ್ದರು. ಮೊಣಕಾಲು ನೋವಿನ ಮುದುಕಿ ಅಷ್ಟು ದೂರ ನಡೆದಿದ್ದರು. ನಮ್ಮ ಮನೆಯವರು ಹಿಂದೆ ಎದೆಯೆತ್ತರಕ್ಕೆ ಕಡಿದಿದ್ದರಲ್ಲ, ಹಳ್ಳದ ದಂಡೆಯ ಆ ಹೆಣ್ಣು ಮರ ಬೊಡ್ಡೆಯಿಂದ ಚಿಗುರಿ, ಕೈಗೆಟುಕುವಲ್ಲೇ ಹತ್ತಾರು ಹೂ ಬಿಟ್ಟಿತ್ತು. ಅತ್ತೆ ಒಂದು ಖಾಲಿ ಬಾಟ್ಲಿಗೆ ನೀರು ತುಂಬಿ, ಅದರಲ್ಲಿ ಗಂಡು ಟಿಸಿಲು ಇಟ್ಟು, ಆ ಚಿಗುರಿನ ಪಕ್ಕ ಬಾಳೆನಾರಿನಲ್ಲಿ ಕಟ್ಟಿದರು. ಹೂವಿಗೆ ಹೂ ಮುಟ್ಟಿಸಿದರು. ಟಿಸಿಲು ಬಾಡಿದರೆ ಮತ್ತೆ ಬನಕ್ಕೆ ಹೋಗುತ್ತಿದ್ದರು.

ಸುದ್ದಿ ಕೇಳಿದವರು ಮುದುಕಿಗೆ ತಲೆ ಕೆಟ್ಟಿದೆ ಎಂದರು. ನನಗೆ ನಾಚಿಕೆಯಾಯಿತು. ಮರಕ್ಕೆ ಮದ್ದು ಕಟ್ಟಿದ್ದಾರೆ ಎಂದು ಕೆಳಗಿನ ಮನೆಯವರು ಆಡಿಕೊಂಡಾಗ ನಾನೂ ಅವರ ಜೊತೆ ಸೇರಿ ಸ್ವಲ್ಪ ನಕ್ಕೆ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ. ಆಮೇಲೆ ಅತ್ತೆ ಆ ಮಾತು ಎತ್ತಲಿಲ್ಲ. ಕಾಯಿ ಕಚ್ಚಿತೋ ಇಲ್ಲವೋ ನಾನು ಕೇಳಲೂ ಇಲ್ಲ, ಮರೆತೇಬಿಟ್ಟಿದ್ದೆ.

ಮಳೆ ಶುರುವಾಗಿ ಎರಡು ವಾರವಾಗಿರಬೇಕು. ಹಟ್ಟಿಗೆ ಸೊಪ್ಪು ತರಲು ಹಳ್ಳದ ಕಡೆ ಹೋದವಳು ಆ ಮರದ ಹತ್ತಿರ ನಿಂತೆ. ಎಲೆಗಳ ಒಳಗೆ, ಯಾರಿಗೂ ಕಾಣದ ಹಾಗೆ ಹಳೆಯ ಸೀರೆಯ ಚೂರೊಂದನ್ನು ಅಡ್ಡ ಕಟ್ಟಲಾಗಿತ್ತು. ಸರಿಸಿ ನೋಡಿದೆ. ಏಳು ಕಾಯಿ. ನಿಂಬೆಹಣ್ಣಿಗಿಂತ ದೊಡ್ಡವು, ಗಟ್ಟಿ ಹಸಿರು.

ನನಗಾದ ಸಂತೋಷಕ್ಕೆ ಲೆಕ್ಕವಿಲ್ಲ. ಮೂರು ವರ್ಷದ ಮೇಲೆ ಕಂಡ ಉಪ್ಪಾಗೆ ಅದು. ಅತ್ತೆ ಗೆದ್ದುಬಿಟ್ಟರು ಎನ್ನಿಸಿತು, ನನ್ನ ತಪ್ಪೂ ಅರ್ಧ ತೊಳೆದುಹೋಯಿತು ಎನ್ನಿಸಿತು. ಜೊತೆಗೇ ಇನ್ನೊಂದು ಯೋಚನೆ ಬಂತು. ಇವತ್ತು ನನ್ನ ಕಣ್ಣಿಗೆ ಬಿದ್ದದ್ದು ನಾಳೆ ಕೆಳಗಿನ ಮನೆಯವರ ಕಣ್ಣಿಗೆ ಬಿದ್ದರೆ? ಹಾಗೆ ಯೋಚಿಸಿ ಮುಗಿಯುವ ಮೊದಲೇ ಕೈ ಕೆಲಸ ಮುಗಿಸಿತ್ತು. ಏಳೂ ಕಾಯಿಗಳನ್ನು ತಿರುಪಿ ತಿರುಪಿ ಕೊಯ್ದು ಮಡಿಲಿಗೆ ಹಾಕಿಕೊಂಡಿದ್ದೆ. ಒಂದನ್ನೂ ಬಿಡಲಿಲ್ಲ. ಒಂದನ್ನಾದರೂ ಬಿಡಬೇಕೆಂಬುದು ಹೊಳೆಯಲೂ ಇಲ್ಲ. ಸೊಪ್ಪಿನ ಹೊರೆ ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಅತ್ತೆ ಜಗಲಿಯಲ್ಲಿ ಕೂತಿದ್ದರು. ಅವರ ಮುಂದೆ ಮಡಿಲು ಬಿಚ್ಚಿ, ನೋಡಿ ಅತ್ತೆ, ನಿಮ್ಮ ಮರದ್ದು ಎಂದೆ. ಏಳು ಕಾಯಿ ನೆಲದ ಮೇಲೆ ಉರುಳಿದವು.

ಅವರು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅಡಿಕೆ ಕತ್ತರಿ ತೆಗೆದು ಅದನ್ನು ಸೀಳಿದರು. ಒಳಗೆ ಬೀಜ ಇನ್ನೂ ಬಿಳಿ, ಹಾಲಿನ ಕೆನೆಯಷ್ಟು ಮೆತ್ತಗೆ. ಎರಡು ಬೆರಳ ನಡುವೆ ಇಟ್ಟು ಒತ್ತಿದರು, ನೀರಾಗಿ ಹೋಯಿತು. ಇನ್ನೊಂದನ್ನು ಸೀಳಿದರು. ಏಳನ್ನೂ ಸೀಳಿ ನೋಡಿದರು. ನಾನು ಎದುರಿಗೆ ನಿಂತಿದ್ದೆ, ಎರಡನೆಯದನ್ನು ಸೀಳುವಾಗಲೇ ನನಗೆ ತಿಳಿದಿತ್ತು. ಆದರೂ ಏಳೂ ಮುಗಿಯುವವರೆಗೆ ಅಲ್ಲಿಂದ ಕದಲಲಾಗಲಿಲ್ಲ.

"ಇನ್ನೊಂದು ತಿಂಗಳು ಇದ್ದಿದ್ರೆ ತಾನಾಗೇ ಬೀಳ್ತಿತ್ತು ಮಾರಾಯ್ತಿ," ಎಂದರು.

ನನಗೊಂದು ಮಾತು ಹೇಳಬಾರದಿತ್ತಾ ಎಂದು ಕೇಳಿದೆ. ಅದನ್ನು ಕೇಳಿದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ. ಅವರು ಕಾಯಿಗೆ ಸೀರೆ ಅಡ್ಡ ಕಟ್ಟಿದ್ದು ಕೆಳಗಿನ ಮನೆಯವರಿಗೆ ಕಾಣಬಾರದು ಎಂದಲ್ಲ. ಅವರ ಮನೆಯ ಯಾರೂ ಹಳ್ಳದ ಆ ದಂಡೆಗೆ ಬರುವುದಿಲ್ಲ. ಅಲ್ಲಿಗೆ ದಿನಾ ಸೊಪ್ಪಿಗೆ ಹೋಗುವವಳು ನಾನೊಬ್ಬಳೇ.

ಅತ್ತೆ ಅಡಿಕೆ ಕತ್ತರಿ ಒರೆಸಿ ಪಕ್ಕಕ್ಕಿಟ್ಟರು. ಸಿಪ್ಪೆಗಳನ್ನು ಒಟ್ಟು ಮಾಡಿ ನನ್ನ ಕಡೆ ತಳ್ಳಿ, ಸಾರಿಗೆ ಹಾಕು ಎಂದರು.

ಮುಂದಿನ ವರ್ಷ ಬನದವರೆಗೆ ನಡೆಯುವುದು ಅವರಿಂದ ಆಗಲಿಲ್ಲ. ನಾನು ಹೋದೆ, ಕಾಯಿ ಒಡೆದೆ, ಟಿಸಿಲು ತಂದೆ, ಬಾಟ್ಲಿ ಕಟ್ಟಿದೆ. ಆ ಸಲವೂ ಕಚ್ಚಲಿಲ್ಲ, ಅದರ ಮುಂದಿನ ಸಲವೂ ಇಲ್ಲ. ಅಷ್ಟರಲ್ಲಿ ಅತ್ತೆ ಹೋದರು. ಪ್ರಕೃತಿ ತನ್ನ ಗಾಯ ತಾನೇ ಮಾಯಿಸಿಕೊಳ್ಳುತ್ತದೆ ಎನ್ನುವವರನ್ನು ಕಂಡರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಮಾಯಿಸಿಕೊಳ್ಳಲು ಹೊರಟಿತ್ತು, ಒಂದು ಮುದುಕಿಯ ಕೈಯ ಆಸರೆ ಹಿಡಿದು ಹೊರಟಿತ್ತು. ನಾನು ಮಡಿಲು ಕಟ್ಟಿಕೊಂಡು ಹೋಗಿ ಕೊಯ್ದು ತಂದೆ.

ಏಳು ಕಾಯಿ ಕೊಯ್ದ ಅವತ್ತು ಮಧ್ಯಾಹ್ನ ಮೀನು ಸಾರಿಗೆ ಆ ಹಸಿ ಸಿಪ್ಪೆಯನ್ನೇ ಹಾಕಿದೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗಳು ಎರಡು ಸಲ ಹಾಕಿಸಿಕೊಂಡಳು. ನಮ್ಮ ಮನೆಯವರು ತಟ್ಟೆ ನೆಕ್ಕುತ್ತ, ಇಷ್ಟು ದಿನದ ಮೇಲೆ ಸಾರಿಗೆ ರುಚಿ ಬಂತು, ಉಪ್ಪಾಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಅತ್ತೆ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದರು.

ಶೃಂಗೇರಿ ಅಂಗಡಿಯದ್ದು ಎಂದೆ.